ಬೇಸಿಗೆಯಲ್ಲಿ ಮೀನು ಎಲ್ಲಿಗೆ ಹೋಗುತ್ತದೆ?



ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನೀವು ದಾಂಡೇಲಿಯಿಂದ ಜೋಯಿಡಾ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಗಣೇಶಗುಡಿಯ ಆಸುಪಾಸಿನಲ್ಲಿ ಸೂಪಾ ಜಲಾಶಯದ ಹಿನ್ನೀರು ಕಾಣಿಸುತ್ತದೆ. ಮಳೆಗಾಲದ ಕೊನೆಯಲ್ಲಿ ಕಾಡಿನ ಬುಡದವರೆಗೆ ಬಂದಿದ್ದ ನೀರು ಈಗ ಬಹಳ ಕೆಳಗೆ ಇಳಿದಿದೆ. ನೀರಿಗೂ ಕಾಡಿಗೂ ನಡುವೆ ಬೋಳು ಮಣ್ಣಿನ ಅಗಲವಾದ ಪಟ್ಟಿಯೊಂದು ಎದ್ದು ಕಾಣುತ್ತದೆ. ಮಧ್ಯದಲ್ಲಿ ನೀರು ಕನ್ನಡಿಯಂತೆ ನಿಂತಿದೆ. ಇಷ್ಟು ದೊಡ್ಡ ನೀರಿನಲ್ಲಿ ದೋಣಿಯೊಂದನ್ನು ಇಳಿಸಿ ಮೀನು ಹಿಡಿಯಬೇಕೆಂದರೆ ಬಲೆಯನ್ನು ಎಲ್ಲಿ ಬಿಡಬೇಕು? ದಡದಲ್ಲೇ, ನಡುವಿನಲ್ಲೇ, ಮೇಲೆಯೇ, ಆಳದಲ್ಲೇ?

ಮೇಲಿನಿಂದ ನೋಡಿದರೆ ನೀರೆಲ್ಲ ಒಂದೇ. ಆದರೆ ಮೀನಿಗೆ ಅದು ಒಂದೇ ಅಲ್ಲ. ಮನೆಯಲ್ಲಿ ಅಡಿಗೆಮನೆ, ನಡುಮನೆ, ಅಟ್ಟ ಬೇರೆ ಬೇರೆ ಇರುವಂತೆ ಜಲಾಶಯದಲ್ಲೂ ಬೇರೆ ಬೇರೆ ಅಂತಸ್ತುಗಳಿವೆ. ಬೇಸಿಗೆಯಲ್ಲಿ ಈ ಅಂತಸ್ತುಗಳ ನಡುವಿನ ವ್ಯತ್ಯಾಸ ಹೆಚ್ಚುತ್ತದೆ. ಮೀನು ಹಿಡಿಯುವವರು ಇದನ್ನು ಅನುಭವದಿಂದ ತಿಳಿದಿದ್ದಾರೆ, ವಿಜ್ಞಾನಿಗಳು ಉಷ್ಣಮಾಪಕದಿಂದ ಅಳೆದಿದ್ದಾರೆ. ಈ ಲೇಖನದಲ್ಲಿ ಆ ಅಂತಸ್ತುಗಳನ್ನು ಒಂದೊಂದಾಗಿ ನೋಡೋಣ. ಇದನ್ನು ತಿಳಿಯುವುದರಿಂದ ಮೀನು ಹಿಡಿಯುವುದು ಸುಲಭವಾಗುತ್ತದೆ ನಿಜ. ಅದರ ಜೊತೆಗೇ, ಕಾಳಿ ನದಿಯ ಒಂದು ಅಪೂರ್ವ ಮೀನು ಉಳಿಯಬೇಕಾದರೆ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ.

ನದಿ ಕೆರೆಯಾದ ಕಥೆ

ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬಲ್ಲಿ. ಅಲ್ಲಿಂದ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಹಿಂದೆ ಸೂಪಾ ಎಂಬ ಪೇಟೆಯಿತ್ತು. ತಾಲ್ಲೂಕಿನ ಕೇಂದ್ರವೂ ಅದೇ ಆಗಿತ್ತು. 1974ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ 1987ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟಿನ ಎತ್ತರ 101 ಮೀಟರ್, ಉದ್ದ 332 ಮೀಟರ್. ಸಮುದ್ರಮಟ್ಟದಿಂದ 564 ಮೀಟರ್ ಎತ್ತರದವರೆಗೆ ಇಲ್ಲಿ ನೀರು ನಿಲ್ಲಬಲ್ಲದು. ತುಂಬಿದಾಗ ಸುಮಾರು 147 ಟಿಎಂಸಿ ನೀರು ಇಲ್ಲಿ ಸಂಗ್ರಹವಾಗುತ್ತದೆ. ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಈ ನೀರಿನಡಿ ಹೋದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಮನೆಮಠ ಕಳೆದುಕೊಂಡವರಲ್ಲಿ ಹಲವರು ರಾಮನಗರದಲ್ಲಿ ನೆಲೆಸಿದರು.

ಮನುಷ್ಯರಂತೆಯೇ ಮೀನುಗಳ ಊರೂ ಆಗ ಬದಲಾಯಿತು. ಕಲ್ಲುಗಳ ನಡುವೆ ರಭಸದಿಂದ ಹರಿಯುತ್ತಿದ್ದ ನೀರಿನಲ್ಲಿ ಬದುಕಿದ್ದ ಮೀನುಗಳ ಪಾಲಿಗೆ ಆಳವಾದ ನಿಂತ ನೀರು ಬಂತು. ಕೆಲವು ಜಾತಿಗಳು ಇದಕ್ಕೆ ಹೊಂದಿಕೊಂಡವು, ಕೆಲವು ಮೇಲಿನ ಹಳ್ಳಗಳಿಗೆ ಸರಿದವು.

ಸೂಪಾ ಜಲಾಶಯವಿರುವುದು ಮುಖ್ಯವಾಗಿ ವಿದ್ಯುತ್ತಿಗಾಗಿ. ಗಣೇಶಗುಡಿಯಲ್ಲಿ 100 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಅಲ್ಲಿಂದ ಹೊರಬಂದ ನೀರು ದಾಂಡೇಲಿಯ ಮೂಲಕ ಹರಿದು ಬೊಮ್ಮನಹಳ್ಳಿಯಲ್ಲಿ ಮತ್ತೆ ನಿಲ್ಲುತ್ತದೆ. ಹಳಿಯಾಳ ತಾಲ್ಲೂಕಿನ ತಟ್ಟಿಹಳ್ಳದ ನೀರೂ ಇದೇ ಯೋಜನೆಗೆ ಸೇರಿದೆ. ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಅದೇ ನೀರು ಮತ್ತೆ ಮತ್ತೆ ಯಂತ್ರಗಳನ್ನು ತಿರುಗಿಸುತ್ತದೆ. ಹೀಗಾಗಿ ಮಳೆ ನಿಂತ ಮೇಲೆ ಸೂಪಾದ ನೀರು ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಲೇ ಇರುತ್ತದೆ. ನೀರಿನ ಹರವು ಕಿರಿದಾದಂತೆ ಅಷ್ಟೇ ಮೀನುಗಳು ಕಡಿಮೆ ಜಾಗದಲ್ಲಿ ಒಟ್ಟುಗೂಡುತ್ತವೆ. ಬೇಸಿಗೆಯ ಮೀನುಗಾರಿಕೆಗೆ ಇದೊಂದು ಮುಖ್ಯ ಕಾರಣ.

ಒಂದು ನೀರಲ್ಲ, ಮೂರು ನೀರು

ನೀವು ಎಂದಾದರೂ ಬೇಸಿಗೆಯ ಮಧ್ಯಾಹ್ನ ಆಳವಾದ ಬಾವಿಗೆ ಇಳಿದಿದ್ದರೆ ಒಂದು ವಿಷಯ ನೆನಪಿರಬಹುದು. ಎದೆಯ ಮಟ್ಟದ ನೀರು ಬೆಚ್ಚಗೆ, ಕಾಲಿಗೆ ತಗಲುವ ನೀರು ತಣ್ಣಗೆ. ಬಿಸಿಲು ಕಾಯಿಸುವುದು ಮೇಲಿನ ನೀರನ್ನು ಮಾತ್ರ. ಬೆಚ್ಚಗಾದ ನೀರು ಹಿಗ್ಗಿ ಹಗುರವಾಗುತ್ತದೆ. ಹಗುರವಾದದ್ದು ಮೇಲೆಯೇ ತೇಲುತ್ತದೆ. ತಣ್ಣನೆಯ, ಭಾರವಾದ ನೀರು ಕೆಳಗೆ ಉಳಿಯುತ್ತದೆ. ಗಾಳಿ ಬೀಸಿದರೂ ಅದು ಮೇಲಿನ ಕೆಲವು ಮೀಟರ್‌ಗಳಷ್ಟನ್ನು ಮಾತ್ರ ಕಲಕಬಲ್ಲದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ತಣ್ಣೀರು ತೆಗೆದುಕೊಂಡು ಎರಡು ಹನಿ ನೀಲಿ ಮಸಿ ಬೆರೆಸಿ. ನೀರಿನ ಮೇಲ್ಮೈಗೆ ಚಮಚವೊಂದನ್ನು ತಾಗಿಸಿ ಹಿಡಿದು, ಅದರ ಮೇಲೆ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಹನಿಸಿ. ಕೆಳಗೆ ನೀಲಿ, ಮೇಲೆ ತಿಳಿ ಎಂದು ಎರಡು ಪದರ ನಿಲ್ಲುತ್ತವೆ. ಮೆಲ್ಲಗೆ ಊದಿ ನೋಡಿ. ಮೇಲಿನ ಪದರ ಅಲುಗಾಡುತ್ತದೆ, ಕೆಳಗಿನದು ಕದಲುವುದಿಲ್ಲ.

ಆಳವಾದ ಕೆರೆ, ಸರೋವರಗಳಲ್ಲಿ ಬೇಸಿಗೆಯಲ್ಲಿ ಇದೇ ನಡೆಯುತ್ತದೆ. ಮೇಲೆ ಬೆಚ್ಚನೆಯ ನೀರು, ತಳದಲ್ಲಿ ತಣ್ಣನೆಯ ನೀರು, ಎರಡರ ನಡುವೆ ತೆಳುವಾದ ಒಂದು ಪದರ. ಈ ನಡುಪದರದಲ್ಲಿ ಕೆಲವೇ ಮೀಟರ್ ಕೆಳಗಿಳಿಯುವಷ್ಟರಲ್ಲಿ ಉಷ್ಣಾಂಶ ಥಟ್ಟನೆ ಇಳಿಯುತ್ತದೆ. ವಿಜ್ಞಾನಿಗಳು ಇದನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ನಾವು ನಡುಪದರ ಎಂದೇ ಕರೆಯೋಣ. ಬೇಸಿಗೆಯಲ್ಲಿ ಮೀನು ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಹೆಚ್ಚಾಗಿ ಈ ಪದರದ ಆಸುಪಾಸಿನಲ್ಲಿ.

ಉಸಿರಿನ ಲೆಕ್ಕ

ಮೀನಿಗೂ ಉಸಿರಾಟ ಬೇಕು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅದು ಕಿವಿರುಗಳ ಮೂಲಕ ಪಡೆಯುತ್ತದೆ. ಆದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರು ಒಂದು ಲೀಟರ್‌ಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಇದು ಸುಮಾರು 9.1 ಮಿಲಿಗ್ರಾಂಗೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಮೀನು ಶೀತರಕ್ತದ ಪ್ರಾಣಿ. ಅದರ ದೇಹದ ಉಷ್ಣತೆ ಸುತ್ತಲಿನ ನೀರಿನ ಉಷ್ಣತೆಯನ್ನೇ ಅನುಸರಿಸುತ್ತದೆ. ನೀರು ಬೆಚ್ಚಗಾದರೆ ದೇಹದೊಳಗಿನ ಕ್ರಿಯೆಗಳ ವೇಗ ಹೆಚ್ಚಿ ಅದಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. ಅಂದರೆ ಬೇಸಿಗೆಯಲ್ಲಿ ಮೀನಿನ ಖರ್ಚು ಏರುತ್ತದೆ, ಆದಾಯ ಇಳಿಯುತ್ತದೆ.

ಹಾಗಾದರೆ ತಳದ ತಣ್ಣೀರಿಗೆ ಹೋಗಬಾರದೇಕೆ ಎಂದು ನೀವು ಕೇಳಬಹುದು. ತಳದ ನೀರಿಗೆ ಗಾಳಿಯ ಸಂಪರ್ಕವಿಲ್ಲ, ಬೆಳಕೂ ಇಲ್ಲ. ಬೆಳಕಿಲ್ಲದಲ್ಲಿ ಪಾಚಿ, ಜಲಸಸ್ಯಗಳು ಆಮ್ಲಜನಕವನ್ನು ಉತ್ಪಾದಿಸಲಾರವು. ಮೇಲಿನಿಂದ ಬಿದ್ದ ಎಲೆ, ಕಸ, ಸತ್ತ ಜೀವಿಗಳು ಅಲ್ಲಿ ಕೊಳೆಯುತ್ತವೆ. ಕೊಳೆಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಕಾಡು ಮುಳುಗಿ ಆದ ಜಲಾಶಯಗಳಲ್ಲಿ ಇಂಥ ಕೊಳೆಯುವ ವಸ್ತು ಇನ್ನೂ ಹೆಚ್ಚು. ಆದ್ದರಿಂದ ಬೆಚ್ಚನೆಯ ನಾಡಿನ ಆಳ ಜಲಾಶಯಗಳಲ್ಲಿ ಬೇಸಿಗೆಯ ಸ್ಥಿತಿ ಸಾಮಾನ್ಯವಾಗಿ ಹೀಗಿರುತ್ತದೆ: ಮೇಲೆ ಉಸಿರಿದೆ, ಸೆಕೆಯೂ ಇದೆ. ಕೆಳಗೆ ತಂಪಿದೆ, ಉಸಿರಿಲ್ಲ. ಎರಡೂ ಒಂದಿಷ್ಟು ಸಿಗುವ ಜಾಗ ನಡುವಿನಲ್ಲಿ ಮಾತ್ರ.

ಮಹಾಸರೋವರದ ಸಾಲ್ಮನ್, ಟ್ರೌಟ್

ಇದೇ ನಿಯಮವನ್ನು ಆಧರಿಸಿ ದೂರದ ದೇಶದಲ್ಲಿ ಜನರು ಮೀನು ಹಿಡಿಯುವ ಬಗೆಯನ್ನು ಈಗ ನೋಡೋಣ. ಅಮೆರಿಕ ಮತ್ತು ಕೆನಡಾ ನಡುವಿನ ಪ್ರದೇಶದಲ್ಲಿ ಐದು ಮಹಾಸರೋವರಗಳಿವೆ. ಅವುಗಳಲ್ಲೊಂದಾದ ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ತುಂಬಿದ ಸೂಪಾಕ್ಕಿಂತ ಇದು ನಾನೂರಕ್ಕೂ ಹೆಚ್ಚು ಪಟ್ಟು ದೊಡ್ಡದು. ಅತಿ ಹೆಚ್ಚಿನ ಆಳ 281 ಮೀಟರ್.

ಅಲ್ಲಿನ ಚಳಿಗಾಲ ಕಠಿಣ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆದ್ದರಿಂದ ಬೇಸಿಗೆಯಲ್ಲೂ ಸರೋವರದ ಆಳದಲ್ಲಿ 4 ಡಿಗ್ರಿಯ ಆಸುಪಾಸಿನ ನೀರೇ ಉಳಿದಿರುತ್ತದೆ. ತಣ್ಣೀರಿನಲ್ಲಿ ಕೊಳೆಯುವಿಕೆ ನಿಧಾನ. ಅಲ್ಲದೆ ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುವಾಗ ಇಡೀ ಸರೋವರವೇ ಕಲಕಿ, ಆಮ್ಲಜನಕ ತಳದವರೆಗೂ ತಲಪುತ್ತದೆ. ಹೀಗಾಗಿ ಅಲ್ಲಿ ಆಳದ ನೀರಿಗೆ ತಂಪೂ ಇದೆ, ಉಸಿರೂ ಇದೆ. ಸಾಲ್ಮನ್, ಟ್ರೌಟ್ ಜಾತಿಯ ಮೀನುಗಳಿಗೆ ಬೇಕಾದದ್ದು ಇದೇ. ವಸಂತದಲ್ಲಿ ದಡದ ಬಳಿ ಸಿಗುವ ಈ ಮೀನುಗಳು ಜುಲೈ ಹೊತ್ತಿಗೆ ದೂರದ ಆಳ ನೀರಿಗೆ ಹೋಗಿಬಿಡುತ್ತವೆ.

ಅಲ್ಲಿನ ಮೀನುಗಾರ ದೋಣಿಯನ್ನು ನಿಧಾನವಾಗಿ ಓಡಿಸುತ್ತಾ ಗಾಳವನ್ನು ಹಿಂದೆ ಎಳೆದೊಯ್ಯುತ್ತಾನೆ. ಬರೀ ದಾರಕ್ಕೆ ಕಟ್ಟಿದ ಗಾಳ ಮೇಲೆಯೇ ತೇಲುತ್ತದೆಯಲ್ಲವೇ? ಅದಕ್ಕಾಗಿ ಬೇರೊಂದು ಉಕ್ಕಿನ ತಂತಿಗೆ ಭಾರವಾದ ಸೀಸದ ಗುಂಡನ್ನು ಕಟ್ಟಿ, ಬೇಕಾದ ಆಳಕ್ಕೆ ಇಳಿಸುತ್ತಾನೆ. ಗಾಳದ ದಾರವನ್ನು ಆ ಗುಂಡಿನ ಬಳಿ ಒಂದು ಚಿಮಟಿಗೆಗೆ ಸಿಕ್ಕಿಸಿರುತ್ತದೆ. ಮೀನು ಕಚ್ಚಿದೊಡನೆ ದಾರ ಚಿಮಟಿಗೆಯಿಂದ ಬಿಡಿಸಿಕೊಳ್ಳುತ್ತದೆ. ಗುಂಡನ್ನು ಎಷ್ಟು ಆಳಕ್ಕೆ ಇಳಿಸಬೇಕು ಎಂಬುದೇ ಅಲ್ಲಿನ ಮುಖ್ಯ ಲೆಕ್ಕ. ಉಷ್ಣಾಂಶ 10ರಿಂದ 13 ಡಿಗ್ರಿಯ ಆಸುಪಾಸಿಗೆ ಬರುವ ಆಳವನ್ನು ಹುಡುಕಿ, ಗಾಳವನ್ನು ಅಲ್ಲಿಯೇ ನಿಲ್ಲಿಸುತ್ತಾನೆ. ಶಬ್ದತರಂಗಗಳನ್ನು ಕಳಿಸಿ ಮೀನಿನ ಹಿಂಡನ್ನು ತೋರಿಸುವ ಉಪಕರಣಗಳೂ ಅಲ್ಲಿ ಬಳಕೆಯಲ್ಲಿವೆ.

ಆ ಸರೋವರದ ಕಥೆಯಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಹಡಗುಗಳ ಕಾಲುವೆಯ ಮೂಲಕ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿ ಒಳಗೆ ಬಂದು, ಅತಿಯಾದ ಬೇಟೆಯೂ ಸೇರಿ, 1950ರ ದಶಕದ ಹೊತ್ತಿಗೆ ಅಲ್ಲಿನ ಸ್ಥಳೀಯ ಟ್ರೌಟ್ ಬಹುತೇಕ ನಾಶವಾಯಿತು. ತಿನ್ನುವ ದೊಡ್ಡ ಮೀನಿಲ್ಲದೆ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಬೆಳೆಯಿತು, ರಾಶಿ ರಾಶಿಯಾಗಿ ಸತ್ತು ದಡಕ್ಕೆ ಬಂತು. ಅದನ್ನು ಹತೋಟಿಗೆ ತರಲು 1966ರಲ್ಲಿ ಪೆಸಿಫಿಕ್ ಸಾಗರದ ಸಾಲ್ಮನ್ ಮರಿಗಳನ್ನು ಅಲ್ಲಿ ಬಿಡಲಾಯಿತು. ಇಂದು ಅಲ್ಲಿ ಬೇಸಿಗೆಯಲ್ಲಿ ದೋಣಿಗಳು ಅರಸಿ ಹೋಗುವ ಸಾಲ್ಮನ್ ಹೀಗೆ ಮನುಷ್ಯನೇ ತಂದು ಬಿಟ್ಟದ್ದು. ಒಂದು ಮೀನು ಹೋದರೆ ಇಡೀ ನೀರಿನ ವ್ಯವಸ್ಥೆಯೇ ಏರುಪೇರಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸೂಪಾದಲ್ಲಿ ಟ್ರೌಟ್ ಏಕಿಲ್ಲ?

ಟ್ರೌಟ್ ಭಾರತಕ್ಕೆ ಬಾರದ ಮೀನೇನಲ್ಲ. ಬ್ರಿಟಿಷರ ಕಾಲದಲ್ಲಿ, 1900ರಲ್ಲಿ, ಹಡಗಿನಲ್ಲಿ ತಂದ ಟ್ರೌಟ್ ಮೊಟ್ಟೆಗಳಿಂದ ಕಾಶ್ಮೀರದಲ್ಲಿ ಮರಿ ಮಾಡಲಾಯಿತು. ನೀಲಗಿರಿಯಲ್ಲಿ ಹಲವು ಬಾರಿ ಸೋತ ಮೇಲೆ 20ನೆಯ ಶತಮಾನದ ಮೊದಲ ದಶಕದಲ್ಲಿ ಯಶಸ್ಸು ದೊರೆಯಿತು. ಅವಲಾಂಚಿಯಲ್ಲಿ ಮರಿ ಉತ್ಪಾದನಾ ಕೇಂದ್ರವೂ ಬಂತು. ಕೇರಳದ ಮುನ್ನಾರಿನ ಎತ್ತರದ ಹೊಳೆಗಳಲ್ಲೂ ಟ್ರೌಟ್ ಇದೆ.

ಈ ಜಾಗಗಳೆಲ್ಲ ಎತ್ತರದ ಬೆಟ್ಟಗಳು ಎಂಬುದನ್ನು ಗಮನಿಸಿ. ಟ್ರೌಟ್‌ಗೆ ಹಿತವಾದ ಉಷ್ಣಾಂಶ ಸುಮಾರು 12ರಿಂದ 16 ಡಿಗ್ರಿ. 20 ದಾಟಿದರೆ ಅದು ಬಳಲುತ್ತದೆ. 25ರ ಸುಮಾರಿಗೆ ಹೆಚ್ಚು ಕಾಲ ಬದುಕಲಾರದು. ಸೂಪಾದಂಥ ಜಲಾಶಯದಲ್ಲಿ ಬೇಸಿಗೆಯ ಮೇಲ್ನೀರು ಇದಕ್ಕಿಂತ ಬೆಚ್ಚಗಿರುತ್ತದೆ. ತಳದ ನೀರಾದರೂ ನಮ್ಮ ಹದವಾದ ಚಳಿಗಾಲ ಬಿಟ್ಟುಹೋದಷ್ಟೇ ತಂಪು. ಅದರಲ್ಲಿ ಆಮ್ಲಜನಕದ ಕೊರತೆ ಬೇರೆ. ಹೀಗೆ ಇಲ್ಲಿ ಟ್ರೌಟ್‌ಗೆ ಯಾವ ಅಂತಸ್ತಿನಲ್ಲೂ ಜಾಗವಿಲ್ಲ.

ನಮ್ಮ ಮೀನು, ನಮ್ಮ ಬಲೆ

ನಮ್ಮ ಜಲಾಶಯಗಳ ಮೀನುಗಳು ಬೆಚ್ಚನೆಯ ನೀರಿಗೆ ಒಗ್ಗಿದವು. ಅವುಗಳಲ್ಲೂ ಅಂತಸ್ತಿನ ಹಂಚಿಕೆಯಿದೆ. ಕಾಟ್ಲಾ ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಅದರ ಬಾಯಿ ಮೇಲ್ಮುಖವಾಗಿದೆ. ರೋಹು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕುತ್ತವೆ. ಮಾರುಕಟ್ಟೆಗೆ ಹೋದಾಗ ಈ ಮೀನುಗಳ ಬಾಯಿಯನ್ನು ಗಮನಿಸಿ. ಯಾವ ಮೀನು ಎಲ್ಲಿ ಉಣ್ಣುತ್ತದೆ ಎಂಬುದನ್ನು ಅದರ ಬಾಯಿಯ ದಿಕ್ಕಿನಿಂದಲೇ ಹೇಳಬಹುದು.

ಕರ್ನಾಟಕದ ಜಲಾಶಯಗಳಲ್ಲಿ ಮೀನುಗಾರರು ಹರಿಗೋಲು, ತೆಪ್ಪ, ಸಣ್ಣ ದೋಣಿಗಳನ್ನು ಬಳಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಬಲೆ ಗಿಲ್‌ನೆಟ್. ಇದು ನೀರಿನಲ್ಲಿ ಪರದೆಯಂತೆ ನಿಲ್ಲುತ್ತದೆ. ಮೇಲಿನ ಅಂಚಿಗೆ ತೇಲುವ ಬೆಂಡು, ಕೆಳಗಿನ ಅಂಚಿಗೆ ಭಾರ. ಮೀನು ಕಣ್ಣಿಯೊಳಗೆ ತಲೆ ತೂರಿಸಿದಾಗ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ. ಭಾರ ಕಡಿಮೆ ಮಾಡಿದರೆ ಬಲೆ ಮೇಲ್ನೀರಿನಲ್ಲಿ ನಿಂತು ಕಾಟ್ಲಾವನ್ನು ಹಿಡಿಯುತ್ತದೆ, ಭಾರ ಹೆಚ್ಚಿಸಿದರೆ ತಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ತೀರಾ ಆಳದಲ್ಲಿ ಬಿಟ್ಟ ಬಲೆ ಬರಿದಾಗಿ ಬರಬಹುದು. ಕಾರಣ ನಿಮಗೆ ಈಗ ಗೊತ್ತಿದೆ. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವುದು ರೂಢಿ. ರಾತ್ರಿ ಮೇಲ್ನೀರು ಸ್ವಲ್ಪ ತಂಪಾಗುತ್ತದೆ, ಮೀನು ದಡದ ಕಡೆಗೆ ಮೇಯಲು ಬರುತ್ತದೆ, ಕತ್ತಲಲ್ಲಿ ಬಲೆಯ ನೂಲು ಅದಕ್ಕೆ ಕಾಣುವುದಿಲ್ಲ. ಹಿಡಿದ ಮೀನೂ ಬಿಸಿಲೇರುವ ಮುನ್ನ ಪೇಟೆ ಸೇರಬೇಕು.

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದು ಕಷ್ಟ. ಅವಕ್ಕೆ ಮಳೆಗಾಲದ ಹೊಸನೀರಿನ ಹರಿವು ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಒಡಿಶಾದಲ್ಲಿ ಈ ಜಾತಿಯ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಅದರ ನೆನಪಿಗೆ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಇಂದು ಕೆರೆ, ಜಲಾಶಯಗಳಿಗೆ ಬಿಡುವ ಮರಿಗಳು ಹೀಗೆ ಕೇಂದ್ರಗಳಲ್ಲಿ ಹುಟ್ಟಿದವು.

ಮುಂಡಗೋಡಿನ ಕೆರೆಗಳು

ಎಲ್ಲ ನೀರೂ ಸೂಪಾದಂತೆ ಪದರ ಪದರವಾಗಿರುವುದಿಲ್ಲ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ, ಬಾಚಣಕಿ ಜಲಾಶಯಗಳನ್ನು ನೋಡಿ. ಇವು ಚಿಕ್ಕವು, ಸೂಪಾದಷ್ಟು ಆಳವಿಲ್ಲ. ಇಂಥ ನೀರನ್ನು ಬಲವಾದ ಗಾಳಿ ತಳದವರೆಗೂ ಕಲಕಬಲ್ಲದು. ಆದ್ದರಿಂದ ಪದರಗಳು ಹೆಚ್ಚು ದಿನ ನಿಲ್ಲುವುದಿಲ್ಲ. ಆದರೆ ಬೇಸಿಗೆಯಲ್ಲಿ ನೀರು ತೀರಾ ಕಡಿಮೆಯಾದರೆ ಮೀನಿಗೆ ಅಡಗಲು ಆಳವೇ ಇರುವುದಿಲ್ಲ. ಮೋಡ ಕವಿದ, ಗಾಳಿಯಿಲ್ಲದ ದಿನಗಳ ನಂತರ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಕೆರೆಗಳಲ್ಲಿ ನೀವು ನೋಡಿರಬಹುದು. ರಾತ್ರಿಯಿಡೀ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವಕ್ಕೆ ಕೊರತೆ ಅತಿ ಹೆಚ್ಚು.

ಅತ್ತಿವೇರಿ ಪಕ್ಷಿಧಾಮವೂ ಹೌದು. ಅಲ್ಲಿ ಹಕ್ಕಿಗಳು ಮೀನು ಹಿಡಿಯುವ ರೀತಿಯನ್ನು ಗಮನಿಸಿ. ಬೆಳ್ಳಕ್ಕಿ ದಡದ ತೆಳುನೀರಿನಲ್ಲಿ ನಿಲ್ಲುತ್ತದೆ. ಮಿಂಚುಳ್ಳಿ ಮೇಲ್ನೀರಿನ ಮೀನಿಗೆ ಎರಗುತ್ತದೆ. ನೀರುಕಾಗೆ ಮುಳುಗಿ ಆಳದ ಮೀನನ್ನು ಬೆನ್ನಟ್ಟುತ್ತದೆ. ಅಂತಸ್ತಿನ ಲೆಕ್ಕ ಹಕ್ಕಿಗಳಿಗೂ ಗೊತ್ತು.

ನಮ್ಮ ಸಾಲ್ಮನ್: ಮಾಹಸೀರ್

ಈಗ ಕಾಳಿ ನದಿಯ ಆ ಅಪೂರ್ವ ಮೀನಿಗೆ ಬರೋಣ. ಮಾಹಸೀರ್ ಗೆಂಡೆಯ ಕುಟುಂಬಕ್ಕೆ ಸೇರಿದ ಮೀನು. ಸಾಲ್ಮನ್‌ಗೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೆ ಬದುಕಿನ ರೀತಿಯಲ್ಲಿ ಹೋಲಿಕೆಯಿದೆ. ಎರಡೂ ಹರಿಯುವ, ತಿಳಿಯಾದ ನೀರನ್ನು ಬಯಸುತ್ತವೆ. ಎರಡೂ ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲಕ್ಕೆ ಈಜುತ್ತವೆ. ಎರಡೂ ಕಲ್ಲುಹರಳಿನ ತಳದಲ್ಲಿ ಮೊಟ್ಟೆಯಿಡುತ್ತವೆ. 19ನೆಯ ಶತಮಾನದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ನಮ್ಮ ಘಟ್ಟದ ಹೊಳೆಗಳ ಮೀನುಗಳನ್ನು ಹತ್ತಿರದಿಂದ ಅಭ್ಯಾಸ ಮಾಡಿದರು. ಗಾಳದ ಮೀನುಗಾರಿಕೆಯ ಬಗ್ಗೆ 1873ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಮಾಹಸೀರ್, ಗಾಳಕ್ಕೆ ಸಿಕ್ಕಾಗ ತೋರುವ ಬಲದಲ್ಲಿ ಸಾಲ್ಮನ್‌ಗೆ ಸೋಲುವುದಲ್ಲ ಎಂಬ ವಾದವಿದೆ.

ನಮ್ಮ ಜನರಿಗೆ ಇದು ಬೇಟೆಯ ಮೀನು ಮಾತ್ರವಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇದು ದೇವರ ಮೀನು. ಭಕ್ತರು ಅಕ್ಕಿ, ಮಂಡಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಹಳೆಯವರು ಮಾಡಿದ ಈ ಕಟ್ಟಳೆಯೇ ಎಷ್ಟೋ ಕಡೆ ಮಾಹಸೀರನ್ನು ಉಳಿಸಿದೆ.

ಅಣೆಕಟ್ಟು ಮಾಹಸೀರ್‌ಗೆ ಎರಡು ತೊಂದರೆ ತಂದಿತು. ಒಂದು, ಮೇಲಕ್ಕೆ ಹೋಗುವ ದಾರಿಗೆ ಅಡ್ಡಗೋಡೆ. ಎರಡು, ಕೆಳಗಿನ ನದಿಯಲ್ಲಿ ನೀರಿನ ಏರಿಳಿತ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ನೀರು ಬಿಡುವುದರಿಂದ ಗಣೇಶಗುಡಿ, ದಾಂಡೇಲಿ ನಡುವೆ ಕಾಳಿ ಒಂದೇ ದಿನದಲ್ಲಿ ಏರಿ ಇಳಿಯುತ್ತದೆ. ಹರಳಿನ ಮೇಲಿಟ್ಟ ಮೊಟ್ಟೆ ನೀರು ಇಳಿದಾಗ ಒಣಗಿಹೋಗಬಹುದು. ಇದರ ಮೇಲೆ ಬೇಸಿಗೆಯ ಸಂಕಟ ಬೇರೆ. ಸಣ್ಣ ಹೊಳೆ, ಹಳ್ಳಗಳು ಬತ್ತುತ್ತಾ ಬಂದಾಗ ದೊಡ್ಡ ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರುತ್ತವೆ. ಮುಂದಿನ ಮಳೆಗಾಲದಲ್ಲಿ ಮೊಟ್ಟೆಯಿಡಬೇಕಾದ ತಾಯಿಮೀನುಗಳು ಇವೇ. ಇಂಥ ಮಡುವಿನಲ್ಲಿ ಯಾರಾದರೂ ಸಿಡಿಮದ್ದು ಎಸೆದರೆ, ಬ್ಲೀಚಿಂಗ್ ಪುಡಿಯನ್ನೋ ವಿಷವನ್ನೋ ಬೆರೆಸಿದರೆ ತಾಯಿ, ಮರಿ, ಏಡಿ, ಕಪ್ಪೆ ಎಲ್ಲವೂ ಒಂದೇ ಗಂಟೆಯಲ್ಲಿ ಮುಗಿದವು. ಎತ್ತಿಕೊಳ್ಳುವುದು ಬುಟ್ಟಿಯಷ್ಟು, ಸಾಯುವುದು ಹೊಳೆಯಷ್ಟು. ಆ ನೀರನ್ನೇ ಕೆಳಗಿನ ಊರಿನವರೂ ದನಕರುಗಳೂ ಕುಡಿಯಬೇಕು.

ಇದು ಅಪರಾಧವೆಂದು 1897ರಷ್ಟು ಹಿಂದೆಯೇ ಭಾರತೀಯ ಮೀನುಗಾರಿಕೆ ಕಾಯಿದೆ ಹೇಳಿದೆ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು ಅದು ನಿಷೇಧಿಸಿದೆ. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕೆಂದೇ 1996ರ ಕಾಯಿದೆಯಿದೆ.

ಮರಿ ಬಿಟ್ಟರೆ ಸಾಲದೇ?

ಮಾಹಸೀರ್ ಕಡಿಮೆಯಾದರೆ ಕೇಂದ್ರದಲ್ಲಿ ಮರಿ ಮಾಡಿ ತಂದು ಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮಹಾರಾಷ್ಟ್ರದ ಲೋಣಾವಳಾದಲ್ಲಿ 1970ರ ದಶಕದಿಂದ ಈ ಕೆಲಸ ನಡೆದಿದೆ. ಆದರೆ ಇದರಲ್ಲೂ ಎಚ್ಚರ ಬೇಕು. ಕಾವೇರಿಯಲ್ಲಿ ಬೆನ್ನುಗೂನಿನ ಒಂದು ಮಾಹಸೀರ್ ಇದೆ. ಜಗತ್ತಿನ ಬೇರಾವ ನದಿ ವ್ಯವಸ್ಥೆಯಲ್ಲೂ ಅದಿಲ್ಲ. ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಾಹಸೀರ್ ಅಲ್ಲಿ ಹೆಚ್ಚುತ್ತಾ ಹೋದಂತೆ ಈ ಮೂಲ ಮೀನು ಅಪರೂಪವಾಯಿತು. ಅದು ಟಾರ್ ರೆಮಾದೇವಿ ಎಂಬ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಆದ್ದರಿಂದ ಆಯಾ ನದಿಯ ಮೀನು ಆಯಾ ನದಿಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಮರಿ ಬಿಡುವುದು ನಂತರದ್ದು, ಅದೂ ತಜ್ಞರ ಸಲಹೆಯಂತೆ.

ಹಾಗೆಂದು ಮೀನುಗಾರಿಕೆಯನ್ನೇ ನಿಲ್ಲಿಸಬೇಕೆಂದಲ್ಲ. ಅದು ಹಲವು ಕುಟುಂಬಗಳ ಅನ್ನ. ಬೇಕಾದದ್ದು ಮೂರು ನಿಯಮ. ಮೊದಲನೆಯದು, ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಬಲೆಗೆ ಬಿಡುವು. ಎರಡನೆಯದು, ಬಲೆಯ ಕಣ್ಣು ದೊಡ್ಡದಿರಬೇಕು. ಆಗ ಮರಿಗಳು ತೂರಿಹೋಗಿ, ಒಮ್ಮೆಯಾದರೂ ಮೊಟ್ಟೆಯಿಟ್ಟ ಮೀನು ಮಾತ್ರ ಸಿಗುತ್ತದೆ. ಮೂರನೆಯದು, ಬೇಸಿಗೆಯ ಮಡುಗಳನ್ನು ಮುಟ್ಟದೆ ಬಿಡುವುದು. ಮನೆಯಲ್ಲಿ ಬಿತ್ತನೆಗೆಂದು ಎತ್ತಿಟ್ಟ ಭತ್ತವನ್ನು ಎಷ್ಟೇ ಹಸಿವಾದರೂ ರೈತ ಕುಟ್ಟುವುದಿಲ್ಲ. ಮಡುವಿನ ಮೀನು ಹೊಳೆಯ ಬಿತ್ತನೆ ಬೀಜ.

ನೀವು ಏನು ಮಾಡಬಹುದು?

ಶಾಲೆಯ ವಿಜ್ಞಾನ ಸಂಘದಿಂದ ಒಂದು ಚಟುವಟಿಕೆ ಮಾಡಿ. ಊರಿನ ಕೆರೆಯಲ್ಲಿ, ಶಿಕ್ಷಕರ ಜೊತೆಯಲ್ಲಿ, ಸುರಕ್ಷಿತವಾದ ಸೋಪಾನದಿಂದಲೋ ಕಟ್ಟೆಯಿಂದಲೋ ಇದನ್ನು ಮಾಡಬಹುದು. ಒಂದು ಬಾಟಲಿಗೆ ಕಲ್ಲಿನ ಭಾರ ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ. ಬಾಟಲಿ ಬೇಕಾದ ಆಳಕ್ಕೆ ಇಳಿದ ಮೇಲೆ ಬಿರಡೆ ಎಳೆದು, ತುಂಬಿದ ನೀರನ್ನು ಮೇಲೆತ್ತಿ ಕೂಡಲೇ ಉಷ್ಣಾಂಶ ನೋಡಿ. ಮೇಲ್ನೀರು, ಒಂದು ಮೀಟರ್, ಎರಡು ಮೀಟರ್ ಎಂದು ಬರೆದುಕೊಳ್ಳಿ. ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅಳೆಯಿರಿ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು ದಾರದಲ್ಲಿ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನೂ ಬರೆಯಿರಿ. ನೀರು ಎಷ್ಟು ತಿಳಿಯಾಗಿದೆ ಎಂಬುದಕ್ಕೆ ಅದು ಅಳತೆ.

ಕೆಲವು ಎಚ್ಚರಿಕೆಗಳನ್ನು ಮರೆಯಬೇಡಿ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ನೀರು ಯಾವ ಹೊತ್ತಿನಲ್ಲೂ ಏರಬಹುದು. ಬಂಡೆಗಳ ಮೇಲೆ ಹೋಗಿ ಕೂರಬೇಡಿ. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ. ದೋಣಿ ಹತ್ತುವುದಾದರೆ ಜೀವರಕ್ಷಕ ಅಂಗಿಯಿಲ್ಲದೆ ಹತ್ತಬೇಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಗಾಳಿ ಥಟ್ಟನೆ ಏಳುತ್ತದೆ. ಮೋಡ ಕಪ್ಪಾದೊಡನೆ ದಡ ಸೇರಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಗಾಳವನ್ನೂ ಹಾಕುವಂತಿಲ್ಲ.

ಮುಂದಿನ ಸಲ ಸೂಪಾ ಹಿನ್ನೀರಿನ ಪಕ್ಕದಲ್ಲಿ ಹಾದುಹೋಗುವಾಗ ಆ ನೀರನ್ನು ಇನ್ನೊಮ್ಮೆ ನೋಡಿ. ಮೇಲೆ ಸೆಕೆ, ಕೆಳಗೆ ಉಸಿರಿಲ್ಲದ ಕತ್ತಲು, ನಡುವೆ ಕೆಲವು ಮೀಟರ್ ಜಾಗದಲ್ಲಿ ಮೀನುಗಳು ಮಳೆಗಾಗಿ ಕಾಯುತ್ತಿವೆ. ನಿಮ್ಮ ಊರಿನ ಹೊಳೆಯಲ್ಲಿ ಬೇಸಿಗೆಯಲ್ಲೂ ಬತ್ತದ ಮಡು ಯಾವುದೆಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಅಲ್ಲಿ ಹಿಂದೆ ಯಾವ ಯಾವ ಮೀನುಗಳಿದ್ದವು, ಈಗ ಯಾವುವು ಇವೆ ಎಂಬುದನ್ನೂ ಕೇಳಿ ಪುಸ್ತಕದಲ್ಲಿ ಬರೆದಿಡಿ. ಆ ಪಟ್ಟಿ ನಿಮ್ಮ ಶಾಲೆಯಲ್ಲಿ ಉಳಿದರೆ, ಹತ್ತು ವರ್ಷದ ನಂತರ ಬರುವ ವಿದ್ಯಾರ್ಥಿಗಳು ಮತ್ತೆ ಅದೇ ಮಡುವಿಗೆ ಹೋಗಿ, ಅದರಲ್ಲಿ ಎಷ್ಟು ಹೆಸರುಗಳು ಇನ್ನೂ ನೀರಿನಲ್ಲಿವೆ ಎಂದು ನೋಡಬಹುದು.